ಗಿಳಿ ಹೇಳಿದ ಪೋಲಿ ಕಥೆ ತೆರೆಗೆ ಬಂದ ಬಗೆ: ಒಂದು ಪ್ರಕರಣ ಅಧ್ಯಯನ

ಗಿಳಿಯೊಂದು ರಾತ್ರಿಗೊಂದರಂತೆ ಕಥೆ ಹೇಳುವ ಹಳೆಯ ಸಂಸ್ಕೃತ ಕೃತಿ ಶುಕಸಪ್ತತಿಯ ಮೂರು ಕಥೆಗಳನ್ನು ಆರಿಸಿ, ಗಿಳಿಯ ಚೌಕಟ್ಟಿನೊಳಗೆ ಕೂರಿಸಿ ಮಾಡಿದ ಕನ್ನಡ ಚಿತ್ರವೊಂದರ ಪ್ರಕರಣ ಇದು. ಚಿತ್ರದ ಹೆಸರು, ತಂಡದವರ ಹೆಸರು, ಚಿತ್ರೀಕರಣದ ಊರು ಬಿಟ್ಟಿದ್ದೇವೆ. ಗುರುತು ಹತ್ತಬಾರದೆಂದು ಕೆಲವು ವಿವರಗಳನ್ನೂ ಬದಲಿಸಿದ್ದೇವೆ. ಮೂರೂ ಕಥೆಗಳನ್ನು ಹೇಳಹೊರಟರೆ ಬರಹ ಹಿಗ್ಗುತ್ತದೆ. ಆದ್ದರಿಂದ ನಡುವಿನ ಕಥೆಯೊಂದನ್ನೇ ನೋಡೋಣ. ಹಳೆಯ ಪೋಲಿ ಕಥೆಯನ್ನು ತೆರೆಗೆ ತರುವಾಗ ಎಡವುವ ಜಾಗಗಳೆಲ್ಲ ಅದರಲ್ಲೇ ಸಿಗುತ್ತವೆ.

ಹಿನ್ನೆಲೆ

ಶುಕಸಪ್ತತಿಯ ಹಂದರ ಬಹಳ ಮಂದಿಗೆ ಗೊತ್ತಿರುವುದೇ. ವ್ಯಾಪಾರಿಯ ಮಗ ಪರದೇಶಕ್ಕೆ ಹೋಗಿದ್ದಾನೆ. ಅವನ ಹೆಂಡತಿ ಪ್ರಭಾವತಿ ಮತ್ತೊಬ್ಬನನ್ನು ಕಾಣಲು ಸಿಂಗರಿಸಿಕೊಂಡು ಹೊರಡುತ್ತಾಳೆ. ಮನೆಯಲ್ಲಿರುವ ಮೈನಾ ಬೈಯುತ್ತದೆ. ಅವಳು ಅದರ ಕತ್ತು ಹಿಚುಕಲು ಹೋಗುತ್ತಾಳೆ. ಗಿಳಿ ಜಾಣ, ಬೈಯುವುದಿಲ್ಲ. "ಹೋಗು ತಾಯಿ, ಸಿಕ್ಕಿಬಿದ್ದಾಗ ಇಂಥವಳ ಹಾಗೆ ಪಾರಾಗೋ ಬುದ್ಧಿ ಇದ್ರೆ ಹೋಗು" ಎಂದು ಒಂದು ಕಥೆ ತೆಗೆಯುತ್ತದೆ. ಕಥೆ ಇಕ್ಕಟ್ಟಿಗೆ ಬಂದಾಗ ನಿಲ್ಲಿಸಿ, "ಈಗ ಅವಳೇನು ಮಾಡಿರಬೇಕು, ಹೇಳು" ಎನ್ನುತ್ತದೆ. ಹೀಗೆ 70 ರಾತ್ರಿ. ಪಾರ್ಸಿ ಲೇಖಕ ನಖ್ಶಬಿ 1330ರಲ್ಲಿ ಇದನ್ನು ತೂತಿನಾಮಾ ಎಂದು ಪಾರ್ಸಿಗೆ ತಂದಾಗ 52 ರಾತ್ರಿಗಳಾದವು. ಅಕ್ಬರನ ಚಿತ್ರಶಾಲೆ ಅದಕ್ಕೆ ಚಿತ್ರ ಬರೆಯಿತು.

ನಡುವಿನ ಕಥೆ ಇದು. ಒಬ್ಬ ಹೆಂಗಸಿಗೆ ಊರಿನ ಅಧಿಕಾರಿಯ ಜೊತೆಗೂ ಸಂಬಂಧ, ಅವನ ಮಗನ ಜೊತೆಗೂ ಸಂಬಂಧ. ಮಗ ಒಳಗಿದ್ದಾಗ ಅಪ್ಪ ಬರುತ್ತಾನೆ. ಅವಳು ಮಗನನ್ನು ಕಣಜದಲ್ಲಿ ಬಚ್ಚಿಡುತ್ತಾಳೆ. ಅಪ್ಪ ಒಳಗಿದ್ದಾಗ ಗಂಡ ಬರುತ್ತಾನೆ. ಅವಳು ಅಪ್ಪನಿಗೆ, "ದೊಣ್ಣೆ ತಗೊಂಡು ಕೂಗಾಡ್ತಾ ಹೊರಗೆ ನಡಿ" ಎನ್ನುತ್ತಾಳೆ. ಅವನು ಹಾಗೇ ಹೋಗುತ್ತಾನೆ. ಏನಿದು ಎಂದು ಗಂಡ ಕೇಳಿದಾಗ, "ಮಗನ ಮೇಲೆ ಸಿಟ್ಟಾಗಿ ಅಟ್ಟಿಸಿಕೊಂಡು ಬಂದಿದ್ರು, ಹುಡುಗ ಮೊರೆಹೊಕ್ಕ, ಕಣಜದಲ್ಲಿಟ್ಟು ಕಾಪಾಡಿದೆ" ಎನ್ನುತ್ತಾಳೆ. ಕಣಜದಿಂದ ಹುಡುಗ ಎದ್ದು ಬರುತ್ತಾನೆ, ಗಂಡ ಹೆಂಡತಿಯನ್ನು ಮೆಚ್ಚಿಕೊಳ್ಳುತ್ತಾನೆ.

ಹಿತೋಪದೇಶದಲ್ಲೂ ಇದೇ ಕಥೆಯಿದೆ. ಅಲ್ಲಿ ಊರು ದ್ವಾರವತಿ, ಅವಳು ಗೊಲ್ಲನ ಹೆಂಡತಿ, ಅಪ್ಪ ದಂಡನಾಯಕ. ಸಮಯಕ್ಕೆ ಬುದ್ಧಿ ಕೈಕೊಡದವನು ಕಷ್ಟ ದಾಟುತ್ತಾನೆ ಎಂಬುದಕ್ಕೆ ಅವಳೇ ಉದಾಹರಣೆ. ಇಟಲಿಯ ಬೊಕಾಚಿಯೋ 14ನೇ ಶತಮಾನದಲ್ಲಿ ಬರೆದ, 10 ಮಂದಿ 10 ದಿನ ಕಥೆ ಹೇಳುವ ಡೆಕಾಮೆರಾನ್‌ನ ಏಳನೇ ದಿನದಲ್ಲೂ ಇದರ ದಾಯಾದಿ ಸಿಗುತ್ತದೆ. ಅಲ್ಲಿ ಅಪ್ಪ-ಮಗ ಇಲ್ಲ, ಇಬ್ಬರು ಪ್ರತಿಸ್ಪರ್ಧಿಗಳು; ದೊಣ್ಣೆಯ ಜಾಗದಲ್ಲಿ ಚೂರಿ.

ಹಕ್ಕಿನ ವಿಷಯದಲ್ಲಿ ಆರಂಭದಲ್ಲೇ ಒಂದು ತೊಡಕಾಯಿತು. ಮೂಲಕ್ಕೆ ಹಕ್ಕುಸ್ವಾಮ್ಯ ಇಲ್ಲ, ನಿಜ. ಆದರೆ ಚಿತ್ರಕಥೆಗಾರರು ಮುಂದಿಟ್ಟುಕೊಂಡಿದ್ದು ಇತ್ತೀಚಿನ ಒಂದು ಕನ್ನಡ ಅನುವಾದ, ಅದರ ಎಷ್ಟೋ ಮಾತು ಕರಡಿಗೆ ಹಾಗೇ ಇಳಿದಿತ್ತು. ನಮ್ಮ ಕಾಯ್ದೆಯಲ್ಲಿ ಅನುವಾದವೂ ಸ್ವತಂತ್ರ ಕೃತಿ, ಅನುವಾದಕರು ತೀರಿಕೊಂಡು 60 ವರ್ಷವಾಗುವ ತನಕ ಅದರ ಹಕ್ಕು ನಿಲ್ಲುತ್ತದೆ. ಕೊನೆಗೆ ಸಂಸ್ಕೃತ ಬಲ್ಲವರೊಬ್ಬರ ಜೊತೆ ಕೂತು ಮೂಲದಿಂದ ಬರಿಯ ಘಟನೆಗಳ ಪಟ್ಟಿ ಮಾಡಿಕೊಂಡು ಮಾತೆಲ್ಲ ಹೊಸದಾಗಿ ಬರೆದರು. ಕಾನೂನಿಗಾಗಿ ಮಾಡಿದ ಈ ಕೆಲಸ ಚಿತ್ರಕ್ಕೂ ಒಳ್ಳೆಯದಾಯಿತು. ಪುಸ್ತಕದ ಕನ್ನಡ ಬಾಯಿಮಾತಿನಲ್ಲಿ ನಿಲ್ಲುತ್ತಿರಲಿಲ್ಲ.

ಮೊದಲ ಕರಡು, ಎರಡನೇ ಕರಡು

ಮೊದಲ ಕರಡಿನಲ್ಲಿ ಮಗನ ಜೊತೆಗಿನ ಹಾಸಿಗೆಯ ದೃಶ್ಯವೇ 3 ಪುಟ. ಪುಟಕ್ಕೆ ಒಂದು ನಿಮಿಷ ಎಂಬ ರೂಢಿಯ ಲೆಕ್ಕದಲ್ಲಿ 3 ನಿಮಿಷ. ಮೂಲದಲ್ಲಿ ಆ ಭಾಗಕ್ಕೆ ಅರ್ಧ ವಾಕ್ಯವೂ ಇಲ್ಲ. ಓದುಗನಿಗೆ ಇಬ್ಬರಿಗೆ ಸಂಬಂಧವಿದೆ ಎಂಬ ಸುದ್ದಿ ಸಾಕು, ಮಿಕ್ಕಿದ್ದನ್ನು ಅವನೇ ಕಲ್ಪಿಸಿಕೊಂಡು ಮುಂದೆ ಹೋಗುತ್ತಾನೆ. ಕ್ಯಾಮೆರಾ ಸುದ್ದಿ ಹೇಳಿ ಸುಮ್ಮನಾಗುವುದಿಲ್ಲ, ಮೈ ತೋರಿಸುತ್ತದೆ. 3 ನಿಮಿಷ ಮೈ ನೋಡಿದ ಪ್ರೇಕ್ಷಕ ಬಾಗಿಲ ಸದ್ದಿಗೆ ನಗುವುದಿಲ್ಲ. ಕರಡು ಓದಿಸಿದಾಗ ಆಗಿದ್ದೂ ಇದೇ: ಅಪ್ಪ ಬಂದಾಗ ಕೇಳುಗರು ಮುಜುಗರಪಟ್ಟರು, ಗಂಡ ಬಂದಾಗ ಹೆದರಿದರು, ದೊಣ್ಣೆಯ ಹೊತ್ತಿಗೆ ಯಾರೂ ನಗಲಿಲ್ಲ.

ಎರಡನೇ ಕರಡು ಇನ್ನೊಂದು ತುದಿಗೆ ಹೋಯಿತು. ಹಾಸಿಗೆ ಹೋಯಿತು, ಸಂಬಂಧವೂ ಹೋಯಿತು. ಮಗ ಬರಿಯ ಮೆಚ್ಚುಗೆಯಿಂದ ಬಂದವನು, ಅಪ್ಪ ಲೆಕ್ಕಪತ್ರಕ್ಕೆ ಬಂದವನು, ಅವಳು ನಿರಪರಾಧಿ. ಮುಚ್ಚಿಡಲು ಏನೂ ಇಲ್ಲದವಳು ಸುಳ್ಳು ಹೇಳಿದರೆ ಅದರಲ್ಲಿ ಜಾಣ್ಮೆ ಎಲ್ಲಿಂದ ಬರಬೇಕು? ಕಥೆ ಬರಿಯ ಅಪಾರ್ಥವೊಂದನ್ನು ಪರಿಹರಿಸುವ ಸಂಸಾರದ ಪಾಠವಾಗಿಬಿಟ್ಟಿತು.

ಈ ಎರಡರ ನಡುವೆ ಹಣ ಹಾಕುವವರಿಂದ ಒಂದು ವಾದ ಬಂತು: ಮೈ ತೋರಿಸಿದರೇ ಇಂಥ ಚಿತ್ರ ಓಡುವುದು, 1971ರಲ್ಲಿ ಇಟಲಿಯ ನಿರ್ದೇಶಕ ಪಾಸೋಲಿನಿ ಮಾಡಿದ ಡೆಕಾಮೆರಾನ್ ಸಾಕ್ಷಿ. ಸಾಕ್ಷಿ ಅರ್ಧ ಮಾತ್ರ ಸರಿ. ಆ ಚಿತ್ರದಲ್ಲಿ ಮೈ ಇದೆ. ಆದರೆ ಬೊಕಾಚಿಯೋನ 10 ಮಂದಿ ಕಥೆಗಾರರನ್ನು ಕೈಬಿಟ್ಟು, ಕಥೆಗಳನ್ನು ನೇಪಲ್ಸ್‌ನ ಜನರ ಆಡುಮಾತಿಗೆ ಇಳಿಸಿ, ಗೋಡೆಚಿತ್ರ ಬರೆಯುವ ಕಲಾವಿದನೊಬ್ಬನನ್ನು ಎಳೆಯಾಗಿ ಇಟ್ಟದ್ದರಿಂದ ಅದು ನಿಂತಿತು. ಅದರ ಹಿಂದೆಯೇ ಇಟಲಿಯಲ್ಲಿ ಮೈಯನ್ನಷ್ಟೇ ನಕಲು ಮಾಡಿದ ಅಗ್ಗದ ಚಿತ್ರಗಳ ಸಾಲೇ ಬಂತು. 1975ರ ಹೊತ್ತಿಗೆ ಪಾಸೋಲಿನಿಯೇ ಡೆಕಾಮೆರಾನ್ ಸೇರಿದ ತನ್ನ ಮೂರು ಚಿತ್ರಗಳ ಸರಣಿಯನ್ನು ಬರಹದಲ್ಲಿ ನಿರಾಕರಿಸಿದ. ವಾದ ಅಲ್ಲಿಗೆ ಮುಗಿಯಲಿಲ್ಲ, ಪೋಸ್ಟರ್ ಮಾಡುವಾಗ ಮತ್ತೆ ಬಂತು.

ಅಪ್ಪ-ಮಗ ಬೇಡ ಎಂದಾಗ

ತಂಡ ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ. ಅಪ್ಪ-ಮಗ ಇಬ್ಬರಿಗೂ ಒಬ್ಬಳೇ ಎಂಬುದು ನಮ್ಮ ಚಿತ್ರಮಂದಿರದಲ್ಲಿ ದಕ್ಕುವುದಿಲ್ಲ ಎಂದು ಮೂರನೇ ಕರಡಿನಲ್ಲಿ ಅವರನ್ನು ಧಣಿ-ಆಳು ಮಾಡಿದರು. ಓದುವಾಗ ಚೆನ್ನಾಗಿತ್ತು, ಆಡಿ ನೋಡಿದಾಗ ಕೊನೆ ಕುಸಿಯಿತು. ಧಣಿ ಆಳನ್ನು ಅಟ್ಟಿಸಿಕೊಂಡು ಬಂದ ಎಂದರೆ ಗಂಡ ಕೇಳುವ ಮೊದಲ ಪ್ರಶ್ನೆ "ಆಳು ಏನು ಕದ್ದ?" ಆಮೇಲೆ ಅವನು ಹುಡುಗನನ್ನು ಧಣಿಗೆ ಒಪ್ಪಿಸಲೇಬೇಕು. ಅಣ್ಣ-ತಮ್ಮ ಮಾಡಿ ನೋಡಿದರು. ಅದು ಆಸ್ತಿ ಜಗಳದ ಹಾಗೆ ಕಂಡಿತು. ಬೊಕಾಚಿಯೋನ ದಾರಿಯಲ್ಲಿ ಪ್ರತಿಸ್ಪರ್ಧಿಗಳನ್ನು ಮಾಡಿದರೆ ಕೈಗೆ ಆಯುಧ ಬರಬೇಕು, ಆಯುಧ ಬಂದರೆ ಭಯ ಬರುತ್ತದೆ, ಹಗುರ ಹೋಗುತ್ತದೆ.

ಅಪ್ಪ ಮಗನಿಗೆ ದೊಣ್ಣೆ ಎತ್ತಿದರೆ ಮಾತ್ರ ಗಂಡ ಮರುಪ್ರಶ್ನೆ ಕೇಳುವುದಿಲ್ಲ. ಅದು ಅವರ ಮನೆಯ ವಿಷಯ, ನಡುವೆ ಬಂದು ಹುಡುಗನನ್ನು ಕಾಪಾಡಿದರೆ ಪುಣ್ಯ. ಅವಳ ಸುಳ್ಳಿಗೆ ಆಧಾರವೇ ಆ ನಂಟು. ಕಥೆಯಲ್ಲಿ ಯಾವುದು ಹೆಚ್ಚು ಕೆಣಕುತ್ತದೋ ಅದೇ ಕಥೆಯ ಕೀಲಾಗಿದೆ, ಕಿತ್ತರೆ ಯಂತ್ರ ನಿಲ್ಲುತ್ತದೆ. ಇದು ಗೊತ್ತಾದ ಮೇಲೆ ತಂಡ ಅಪ್ಪ-ಮಗನನ್ನು ವಾಪಸ್ ತಂದು, ಕೆಣಕುವ ಪ್ರಮಾಣವನ್ನು ಬೇರೆ ಕಡೆ ತಗ್ಗಿಸಿತು. ಮಗನ ಸಂಬಂಧ ನಡೆದಿದೆ. ಅಪ್ಪನದು ಆಸೆ ಮಾತ್ರ. ಅವನು ಕಾಲು ತೊಳೆದು, ಎಲೆಯಡಿಕೆ ಹಾಕಿಕೊಂಡು, ರುಮಾಲು ಬಿಚ್ಚುವ ಹೊತ್ತಿಗೆ ಗಂಡ ಬರುತ್ತಾನೆ.

ಇನ್ನೊಂದು ಮುಳ್ಳೂ ಇಲ್ಲೇ ಇತ್ತು. ಅಪ್ಪ ಅಧಿಕಾರಿ. ಮೂಲಕ್ಕೆ ಅದು ಬರಿಯ ಹುದ್ದೆ. ಇಂದಿನ ಪ್ರೇಕ್ಷಕರಿಗೆ ಅದು ಬಲಾತ್ಕಾರದ ನೆರಳು. ಮುಚ್ಚಿದರೆ ಸುಳ್ಳಾಗುತ್ತದೆ, ಎಳೆದು ತೋರಿಸಿದರೆ ಅವಳು ಬಲಿಪಶುವಾಗಿ ನಗು ಸಾಯುತ್ತದೆ. ತಂಡದ ಉತ್ತರ ನಮ್ಮ ದೃಷ್ಟಿಯಲ್ಲಿ ಇಡೀ ಚಿತ್ರದ ಅತ್ಯುತ್ತಮ ತೀರ್ಮಾನ. ಅಪ್ಪ ಬಂದಿರುವುದು ಸುಂಕದ ಧಾನ್ಯ ಅಳೆಯುವ ನೆಪದಲ್ಲಿ, ಕೈಯಲ್ಲಿ ಕೊಳಗ ಹಿಡಿದು. ಅಳೆಯಬೇಕಾದ ಕಣಜದಲ್ಲೇ ಮಗ ಕೂತಿದ್ದಾನೆ. ಅವನ ಅಧಿಕಾರವೇ ಈಗ ಅವನ ಮಾನಕ್ಕೆ ಸಂಚಕಾರ. ಅವಳು ಅಳತೆಯನ್ನು ಮುಂದೂಡುತ್ತ ಹೋದಷ್ಟೂ ಈ ವರ್ಷದ ಸುಂಕ ಕಡಿಮೆಯಾಗುತ್ತ ಹೋಗುತ್ತದೆ. ಮೂಲದಲ್ಲಿ ಇಲ್ಲದ್ದು, ಆದರೆ ಮೂಲದ ಜಾಯಮಾನಕ್ಕೆ ಒಪ್ಪುವಂಥದ್ದು.

ಮನೆಯ ನಕ್ಷೆ

ನಾಲ್ಕನೇ ಕರಡನ್ನು ಮನೆಯ ನಕ್ಷೆ ಬರೆದ ಮೇಲೆ ಬರೆದರು. ತೊಟ್ಟಿಮನೆ, ಬೀದಿ ಬಾಗಿಲು, ಹಿತ್ತಿಲ ಬಾಗಿಲು, ಪಡಸಾಲೆಯ ಮೂಲೆಯಲ್ಲಿ ಕಣಜ. ಬೀದಿ ಬಾಗಿಲಿಂದ ಪಡಸಾಲೆಗೆ ಸುಮಾರು 40 ಅಡಿ. ಸಹಜ ನಡಿಗೆ ಸೆಕೆಂಡಿಗೆ 4 ಅಡಿ ಎಂದರೆ ಗಂಡ 10 ಸೆಕೆಂಡಿನಲ್ಲಿ ಒಳಗೆ ಬಂದುಬಿಡುತ್ತಾನೆ. ಅವಳು ಅಪ್ಪನಿಗೆ ಉಪಾಯ ಹೇಳಲು ಅದರ ಎರಡರಷ್ಟು ಹೊತ್ತು ಬೇಕು. ಮಾತನ್ನು ಕತ್ತರಿಸಿದರೆ ಉಪಾಯ ಅರ್ಥವಾಗದು, ಗಂಡನನ್ನು ನಿಧಾನ ನಡೆಸಿದರೆ ನಟನೆ ಕೃತಕ. ಹಾಗಾಗಿ ಅಂಗಳದಲ್ಲಿ ನೀರಿನ ಹಂಡೆ ಇಟ್ಟರು. ಹೊರಗಿಂದ ಬಂದವನು ಕಾಲು ತೊಳೆಯದೆ ಒಳಗೆ ಬರುವುದಿಲ್ಲ. ಎರಡು ಚೊಂಬು ನೀರಿನ ಸದ್ದಿಗೆ ಬೇಕಾದಷ್ಟು ಸೆಕೆಂಡು ಸಿಕ್ಕಿತು, ಆ ಸದ್ದೇ ಒಳಗಿನವರಿಗೆ ಗಡಿಯಾರವೂ ಆಯಿತು.

ಬಚ್ಚಿಡುವ ಜಾಗ ಮೊದಲು ಕಣಜ ಆಗಿರಲಿಲ್ಲ, ಹಗೇವು ಆಗಿತ್ತು. ನೆಲದೊಳಗಿನ ಕಾಳಿನ ಗುಂಡಿಯಿಂದ ತಲೆ ಎತ್ತುವ ಹುಡುಗ ನೋಡಲು ಚೆಂದ. ಸ್ಥಳೀಯ ರೈತರೊಬ್ಬರು ಓದಿ ತಳ್ಳಿಹಾಕಿದರು: ಮುಚ್ಚಿದ ಹಗೇವು ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಕಾಳು ಉಸಿರಾಡಿ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಇಳಿದವರು ಸತ್ತ ಉದಾಹರಣೆಗಳಿವೆ. ಹಳ್ಳಿಯ ಪ್ರೇಕ್ಷಕರು ಅಲ್ಲಿ ನಗುವ ಬದಲು ಹೌಹಾರುತ್ತಾರೆ. ಆದ್ದರಿಂದ ನೆಲದ ಮೇಲೆ ಬಿದಿರು ಹೆಣೆದು ಸಗಣಿ ಸಾರಿಸಿದ ಕಣಜ ಕಟ್ಟಿದರು, ಕ್ಯಾಮೆರಾಕ್ಕೆ ಕಾಣದ ಹಿಂಬದಿ ಪೂರ್ತಿ ತೆರೆದಿತ್ತು, ಒಳಗೆ ಮೇಲಿನ ಒಂದು ಗೇಣು ಮಾತ್ರ ನಿಜವಾದ ಜೋಳ. ಕಣಜದೊಳಗಿಂದ ಸೀನುವ ಪ್ರಸಂಗವೊಂದನ್ನು ಬರೆದು ಹೊಡೆದುಹಾಕಿದ್ದು ಒಳ್ಳೆಯದೇ ಆಯಿತು. ಸೀನಿ ಸಿಕ್ಕಿಬೀಳುವುದನ್ನು ಎಷ್ಟು ಸಲ ನೋಡಬೇಕು!

ಚಿತ್ರೀಕರಣದಲ್ಲಿ ಕಲಿತದ್ದು: ಎರಡು ಬಾಗಿಲು ಮತ್ತು ಕಣಜ ಒಂದೇ ಚೌಕಟ್ಟಿನಲ್ಲಿ ಇರಬೇಕು. ಮೊದಲ ದಿನ ಮುಖಗಳ ಕ್ಲೋಸಪ್ ತೆಗೆದು ಜೋಡಿಸಿದಾಗ ಯಾರು ಎಲ್ಲಿದ್ದಾರೆ ಎಂಬುದೇ ತಿಳಿಯಲಿಲ್ಲ. ಬಚ್ಚಿಟ್ಟವನ ಇರವು ಪ್ರೇಕ್ಷಕರ ಕಣ್ಣಲ್ಲಿ ಸದಾ ಇದ್ದರೆ ಮಾತ್ರ ಅಪ್ಪನ ಪ್ರತಿ ಹೆಜ್ಜೆ ನಗು ತರಿಸುತ್ತದೆ. ಆಮೇಲೆ ದೂರದಿಂದ, ಅಗಲ ಲೆನ್ಸಿನಲ್ಲಿ, ಕತ್ತರಿಸದೆ ತೆಗೆದರು.

ಕಾಲದ ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಒಣಗಿಸಿದ್ದರು. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಜೊತೆ. ಹುಡುಗ-ಹುಡುಗಿ ಕಡಲೆಕಾಯಿ ಸುಲಿಯುತ್ತ ಕೂತ ದೃಶ್ಯವೂ ಹೋಯಿತು, ಗಿಳಿಗೆ ಕೊಡುವ ಸೀಬೆಹಣ್ಣೂ ಹೋಯಿತು. ಎಲ್ಲವೂ ಅಮೆರಿಕ ಖಂಡದವು. ಹುರುಳಿ, ಜೋಳ, ಕರಿಮೆಣಸು ಉಳಿದವು. ಮಾತಿಗೆ ಮಾತ್ರ ಹಳಗನ್ನಡದ ವೇಷ ಹಾಕಲಿಲ್ಲ, ಒಂದು ಸೀಮೆಯ ಆಡುಗನ್ನಡವನ್ನು ಕಡೆತನಕ ಹಿಡಿದರು.

ಹಾಸಿಗೆಯ 3 ನಿಮಿಷದಲ್ಲಿ ಉಳಿದದ್ದು 40 ಸೆಕೆಂಡು: ಬಿಚ್ಚಿದ ಜಡೆಯಿಂದ ಹುಡುಗ ಹುರುಳಿ ಹೊಟ್ಟು ಹೆಕ್ಕುತ್ತಾನೆ. ಅಷ್ಟಕ್ಕೂ ಪೂರ್ಣ ಶಿಸ್ತು ಪಾಲಿಸಿದರು. ಯಾರು ಎಲ್ಲಿ ಮುಟ್ಟಬಹುದು ಎಂಬುದನ್ನು ಶಾಟ್‌ವಾರು ಬರೆದು ಇಬ್ಬರು ನಟರ ಸಹಿ ಪಡೆದರು, ಬಟ್ಟೆ ತೊಟ್ಟೇ ತಾಲೀಮು ಮಾಡಿದರು, ಚಿತ್ರೀಕರಣದಲ್ಲಿ ಅಗತ್ಯ ತಂತ್ರಜ್ಞರ ಹೊರತು ಬೇರೆಯವರಿಲ್ಲ, ಹೊರಗಿನ ಮಾನಿಟರ್ ಬಂದ್, ಮೊಬೈಲ್ ಬಾಗಿಲಲ್ಲೇ.

ಗಿಳಿ

ನಿಜವಾದ ಗಿಳಿ ತರುವ ಯೋಚನೆ ಒಂದೇ ಸಭೆಯಲ್ಲಿ ಸತ್ತಿತು. ನಮ್ಮ ಕಾಡು-ತೋಟದ ಗಿಳಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಪಂಜರದಲ್ಲಿಡುವುದೇ ಅಪರಾಧ. ಗ್ರಾಫಿಕ್ಸ್ ಗಿಳಿಗೆ ಹಣ ಸಾಲದು. ಅರೆಬರೆ ಮಾಡಿದರೆ ಮಕ್ಕಳ ಕಾರ್ಟೂನಿನಂತಾಗಿ, ಪೋಲಿ ಕಥೆ ಹೇಳುವ ಬಾಯಿಗೆ ಅದು ಹೊಂದದು.

ದಾರಿ ತೊಗಲುಗೊಂಬೆಯಾಟದಿಂದ ಬಂತು. ರಾಮಾಯಣ-ಮಹಾಭಾರತದ ಆಟದ ನಡುವೆ ನುಗ್ಗಿ ಪೋಲಿ ಮಾತಾಡುವ ಕಿಳ್ಳೇಕ್ಯಾತ-ಬಂಗಾರಕ್ಕ ಜೋಡಿಗೆ ನಮ್ಮ ಜನ ತಲೆತಲಾಂತರದಿಂದ ನಕ್ಕಿದ್ದಾರೆ. ಮಕ್ಕಳು-ಮುದುಕರು ಒಟ್ಟಿಗೆ ಕೂತು ನೋಡುವ ಆಟದಲ್ಲೇ ಆ ಮಾತಿಗೆ ಜಾಗವಿತ್ತು. ಗಿಳಿಯನ್ನು ತೊಗಲುಗೊಂಬೆ ಮಾಡಿ, ಗೊಂಬೆಯಾಡಿಸುವ ಕಲಾವಿದರಿಂದಲೇ ದನಿ ಕೊಡಿಸಿದರು. ಪರದೆಯ ಹಿಂದಿನ ಬೆಳಕಿನಿಂದ ಒಂದು ತಾಂತ್ರಿಕ ಕಾಟ: ಸಾಮಾನ್ಯ ಎಲ್‌ಇಡಿ ಬಲ್ಬು 50 ಹರ್ಟ್ಸ್ ವಿದ್ಯುತ್ತಿನಲ್ಲಿ ಮಿನುಗಿ, ಸೆಕೆಂಡಿಗೆ 24 ಫ್ರೇಮಿನ ಚಿತ್ರೀಕರಣದಲ್ಲಿ ಪರದೆ ಅದುರಿದಂತೆ ಕಂಡಿತು. ಟಂಗ್‌ಸ್ಟನ್ ಬಲ್ಬು ಹಾಕಿ, ಪ್ರತಿ ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬೀಳಬೇಕೆಂದು ನಿರ್ಧರಿಸುವ ಕ್ಯಾಮೆರಾದ ಶಟರನ್ನು 180 ಡಿಗ್ರಿಯಿಂದ 172.8ಕ್ಕೆ ಇಳಿಸಿ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ತಂದಾಗ ನಿಂತಿತು.

ಗಿಳಿಯ ಪ್ರಶ್ನೆಯನ್ನು ಎಲ್ಲಿಡುವುದು ಎಂಬುದಕ್ಕೆ ನಮ್ಮ ಚಿತ್ರಮಂದಿರವೇ ಉತ್ತರ ಕೊಟ್ಟಿತು. ಗಂಡ ಎರಡನೇ ಚೊಂಬು ಎತ್ತುತ್ತಾನೆ, ಗಿಳಿ "ಈಗ ಏನ್ ಮಾಡ್ತಾಳೆ, ಹೇಳು ನೋಡಾಣ" ಎನ್ನುತ್ತದೆ, ಮಧ್ಯಂತರ. ಜನ ಚಹಾ ಕುಡಿಯುತ್ತ ಅದನ್ನೇ ಚರ್ಚಿಸಿದರು.

ದ್ವಂದ್ವಾರ್ಥ ಮತ್ತು ಪ್ರಮಾಣಪತ್ರ

1991ರ ಚಲನಚಿತ್ರ ಪ್ರಮಾಣೀಕರಣ (ಸೆನ್ಸಾರ್) ಮಾರ್ಗಸೂಚಿ ಕೀಳು ಅಭಿರುಚಿಗೆ ಒದಗುವ ದ್ವಂದ್ವಾರ್ಥದ ಮಾತುಗಳನ್ನು ಹೆಸರಿಸಿಯೇ ತಡೆಯುತ್ತದೆ. ಹೆಣ್ಣನ್ನು ಕೀಳಾಗಿ ತೋರಿಸುವ ದೃಶ್ಯಗಳನ್ನೂ ತಡೆಯುತ್ತದೆ. ಚಿತ್ರವನ್ನು ಇಡಿಯಾಗಿ, ಅದು ತೋರಿಸುವ ಕಾಲದ ಹಿನ್ನೆಲೆಯಲ್ಲಿ ನೋಡಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ತಂಡ ತನಗೊಂದು ನಿಯಮ ಹಾಕಿಕೊಂಡಿತು: ಎರಡರ್ಥದ ಮಾತಿನ ಸಭ್ಯ ಅರ್ಥ ಆ ಸನ್ನಿವೇಶದಲ್ಲಿ ನೂರಕ್ಕೆ ನೂರು ನಿಜವಾಗಿರಬೇಕು, ಕಥೆಯನ್ನು ಮುಂದಕ್ಕೆ ತಳ್ಳಬೇಕು. "ಕಣಜ ತುಂಬೈತೆ, ಇವತ್ತು ಅಳೆಯೋದ್ ಬ್ಯಾಡ" ಎಂಬ ಮಾತು ಅಪ್ಪನಿಗೆ ಸುಂಕದ ಮಾತು, ಕಣಜದೊಳಗಿನವನಿಗೆ ಅಭಯ, ಪ್ರೇಕ್ಷಕರಿಗೆ ಮೂರನೆಯದು. ಈ ಪರೀಕ್ಷೆಯಲ್ಲಿ ಕರಡಿನ ಅರ್ಧಕ್ಕರ್ಧ ಚಟಾಕಿ ಬಿದ್ದುಹೋದವು. ಅವಕ್ಕೆ ಪೋಲಿ ಅರ್ಥ ಒಂದೇ ಇತ್ತು. ಪಾತ್ರಧಾರಿಗಳಲ್ಲಿ ಇಬ್ಬರು ಉತ್ತರ ಕರ್ನಾಟಕದ ಜಾನಪದ ರಂಗಪ್ರಕಾರವಾದ ಸಣ್ಣಾಟದಲ್ಲಿ ಪಳಗಿದವರು. ಇಂಥ ಮಾತನ್ನು ಕಣ್ಣು ಹೊಡೆಯದೆ, ಅತ್ಯಂತ ಗಂಭೀರ ಮುಖದಿಂದ ಹೇಳಬೇಕೆಂಬುದನ್ನು ಅವರು ಮಿಕ್ಕವರಿಗೆ ಕಲಿಸಿದರು.

ಅಪಾಯದ ಮಾತುಗಳಿಗೆಲ್ಲ ಸೆಟ್ಟಿನಲ್ಲೇ ಬದಲಿ ಮಾತು ಧ್ವನಿಮುದ್ರಿಸಿಕೊಂಡರು, ಅಂಥ ಕಡೆ ನಟರ ಬೆನ್ನು ಕ್ಯಾಮೆರಾದ ಕಡೆಗಿತ್ತು. ಇದು ಉಪಯೋಗಕ್ಕೆ ಬಂತು. ತಂಡ ಕೇಳಿದ್ದು ಯುಎ 16+, ಅಂದರೆ 16 ವರ್ಷದೊಳಗಿನವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ ವರ್ಗ. ಈ ವರ್ಗ 2023ರ ತಿದ್ದುಪಡಿ ಮತ್ತು 2024ರ ನಿಯಮಗಳಿಂದ ಬಂದದ್ದು. ಪ್ರಮಾಣೀಕರಣ ಮಂಡಳಿಯ ಪರಿಶೀಲನಾ ಸಮಿತಿ 'ಎ', ಅಂದರೆ ವಯಸ್ಕರಿಗೆ ಮಾತ್ರ ಎಂದಿತು, ಕೆಲವು ಬದಲಾವಣೆ ಮಾಡಿದರೆ ಯುಎ 16+ ಕೊಡಬಹುದೆಂದಿತು. ಮುಖ್ಯ ಆಕ್ಷೇಪ ಅವಳು ಅಪ್ಪನಿಗೆ ಹೇಳುವ "ನಿಮ್ಮ ಕೊಳಗ ಸಣ್ಣದು" ಎಂಬ ಮಾತಿಗೆ. ಪುನರ್‌ಪರಿಶೀಲನಾ ಸಮಿತಿಗೆ ಹೋಗುವ ದಾರಿ ಇತ್ತು. ಬಿಡುಗಡೆ ದಿನ ಹತ್ತಿರವಿತ್ತು. 'ಎ' ಒಪ್ಪಿಕೊಂಡರೆ ಟಿವಿಯಲ್ಲಿ ತೋರಿಸಲು ಮತ್ತೆ ಬೇರೆ ಪ್ರಮಾಣಪತ್ರ ಬೇಕು, ಉಪಗ್ರಹ ಹಕ್ಕಿನ ಮಾತುಕತೆ ನಿಲ್ಲುತ್ತದೆ. ತಂಡ ಬದಲಾವಣೆ ಒಪ್ಪಿತು, ಆದರೆ ಮಾತನ್ನು ಮೌನ ಮಾಡಲಿಲ್ಲ. ಮೌನ ಮಾಡಿದ ಜಾಗವನ್ನು ಪ್ರೇಕ್ಷಕರು ತಮಗೆ ಗೊತ್ತಿರುವ ಅತಿ ಕೆಟ್ಟ ಪದದಿಂದ ತುಂಬಿಕೊಳ್ಳುತ್ತಾರೆ. ಬದಲಿಗೆ ಮೊದಲೇ ಮುದ್ರಿಸಿಟ್ಟಿದ್ದ "ನಿಮ್ಮ ಕೊಳಗದ ಲೆಕ್ಕ ನಮಗೆ ಹೊಂದಲ್ಲ" ಹಾಕಿದರು. ಸಮಿತಿ ಒಪ್ಪಿತು, ಚಿತ್ರಮಂದಿರದಲ್ಲಿ ನಗು ಅಲ್ಲಿಯೇ ಬಂತು.

ಬಿಡುಗಡೆಯ ನಂತರ

ಪೋಸ್ಟರಿನಲ್ಲಿ ತಂಡ ಸೋತಿತು. ಚಿತ್ರದಲ್ಲಿ ಇಲ್ಲದ ಬೆತ್ತಲೆ ಬೆನ್ನೊಂದು ಪೋಸ್ಟರ್ ಏರಿತು. ಮೊದಲ ವಾರ ಬಂದವರು ಮೋಸವಾಯಿತೆಂದು ಗೊಣಗಿದರು. ಬರಬೇಕಾದ ಹೆಂಗಸರು, ಹಿರಿಯರು ಪೋಸ್ಟರ್ ನೋಡಿ ದೂರ ಉಳಿದರು. ಕಿಳ್ಳೇಕ್ಯಾತನ ಮಾತಿಗೆ ನಗುತ್ತಿದ್ದ ಪ್ರೇಕ್ಷಕರು ಇವರೇ ಎಂಬುದು ಎಲ್ಲರಿಗೂ ಗೊತ್ತಿತ್ತು, ಪೋಸ್ಟರ್ ಒಪ್ಪುವ ಸಭೆಯಲ್ಲಿ ಯಾರೂ ಹೇಳಲಿಲ್ಲ. ಚಿತ್ರ ನಿಜವಾಗಿ ಓಡಿದ್ದು ಚಿತ್ರೋತ್ಸವಗಳಲ್ಲಿ ಮತ್ತು ಆಮೇಲೆ ಒಟಿಟಿಯಲ್ಲಿ, ಗೊಂಬೆ ಗಿಳಿಯ ಚಿತ್ರವನ್ನು ಮುಂದಿಟ್ಟ ಮೇಲೆ.

ಟೀಕೆಯಲ್ಲಿ ತೂಕವಿದ್ದದ್ದು ಚೌಕಟ್ಟಿನ ಬಗ್ಗೆ. ಒಳಕಥೆಯ ಹೆಣ್ಣುಗಳು ಗೆಲ್ಲುತ್ತಾರೆ, ಆದರೆ ಇವೆಲ್ಲ ಪ್ರಭಾವತಿಯನ್ನು ಮನೆಯಲ್ಲಿ ಕೂರಿಸಲು ಗಿಳಿ ಹೂಡಿದ ತಂತ್ರ. ಕೊನೆಗೆ ಅವಳು ಪಶ್ಚಾತ್ತಾಪ ಪಡುತ್ತಾಳೆ, ಗಂಡ ಕ್ಷಮಿಸುತ್ತಾನೆ. ತಂಡ ಮೂಲದ ಈ ಕೊನೆಯನ್ನು ಹಾಗೇ ಇಟ್ಟಿತ್ತು. ಒಳಕಥೆಗೆ ಕೊಟ್ಟ ಯೋಚನೆಯ ಕಾಲುಭಾಗವನ್ನೂ ಚೌಕಟ್ಟಿಗೆ ಕೊಟ್ಟಿರಲಿಲ್ಲ ಎಂಬ ಮಾತು ಸರಿಯೇ. ಪ್ರಭಾವತಿ ಗಿಳಿಯ ಪ್ರಶ್ನೆಗೆ ಒಮ್ಮೆಯಾದರೂ ಮೂಲಕ್ಕಿಂತ ಒಳ್ಳೆಯ ಉತ್ತರ ಕೊಟ್ಟಿದ್ದರೆ, ಆಟ ಇಬ್ಬರ ನಡುವಿನದಾಗುತ್ತಿತ್ತು. ತಂಡ ಈಗ ಬರೆಯುತ್ತಿರುವ ಮುಂದಿನ ಚಿತ್ರಕಥೆಯಲ್ಲಿ ಚೌಕಟ್ಟನ್ನು ಮೊದಲು ಮುಗಿಸಿ, ಮನೆಯ ನಕ್ಷೆ ಬರೆದು, ಆಮೇಲೆ ಕಥೆ ಆರಿಸುತ್ತಿದೆ. ಪೋಸ್ಟರಿನ ಅಂತಿಮ ಒಪ್ಪಿಗೆ ನಿರ್ದೇಶಕರದು ಎಂಬ ಷರತ್ತೂ ಒಪ್ಪಂದಕ್ಕೆ ಸೇರಿದೆ.